ಕೆಮಿಕಲ್ ಮುಗಿಸಿ ಸಾಫ್ಟ್‌ವೇರ್‌ಗೆ ಹೋಗಲಾ, ಪ್ಲಾಂಟ್‌ಗೆ ಹೋಗಲಾ?

ಮಲ್ಲೇಶ್ವರ_8ನೇಸೆಮ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಕ್ಯಾಂಪಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ, ವರ್ಷಕ್ಕೆ 7 ಲಕ್ಷ. ಬೊಮ್ಮಸಂದ್ರದ ಕಡೆ ಜೀವಕೋಶಗಳಿಂದ ಔಷಧಿ ತಯಾರಿಸುವ ಒಂದು ಬಯೋಫಾರ್ಮಾ ಕಂಪನಿಯಲ್ಲಿ ಟ್ರೈನಿಯಾಗಿಯೂ ಆಯ್ಕೆಯಾಗಿದ್ದೇನೆ. ಅಲ್ಲಿ 3.6 ಲಕ್ಷ, ಮೂರು ಪಾಳಿ. ಎರಡಕ್ಕೂ ಈ ತಿಂಗಳೊಳಗೆ ಉತ್ತರ ಕೊಡಬೇಕು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಓದಿಗೆ ಸಾಲ ಮಾಡಿದ್ದಾರೆ. "ಅರ್ಧ ಸಂಬಳಕ್ಕೆ ರಾತ್ರಿ ಪಾಳಿ ಯಾಕಮ್ಮ?" ಅಂತ ಕೇಳ್ತಾರೆ. ಅವರ ಮಾತು ತಪ್ಪಲ್ಲ.

ಆದರೆ ನನ್ನ ಪ್ರಾಜೆಕ್ಟ್ ನನ್ನನ್ನು ಬಿಡ್ತಾ ಇಲ್ಲ. ಗೋಧಿ ಬೂಸಾದ ಮೇಲೆ ಶಿಲೀಂಧ್ರ ಬೆಳೆಸಿ ಅದರಿಂದ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಜೈಮ್ ತೆಗೆಯೋದು. ಫ್ಲಾಸ್ಕ್‌ನಲ್ಲಿ ತುಂಬಾ ಚೆನ್ನಾಗಿ ಬಂತು. ಅದೇ ಬೂಸಾ, ಅದೇ ತೇವ, ಅದೇ ಶಿಲೀಂಧ್ರದ ಬೀಜವನ್ನು ದೊಡ್ಡ ಟ್ರೇಗೆ ಹಾಕಿದರೆ ಎಂಜೈಮ್ ಅರ್ಧಕ್ಕಿಂತ ಕಡಿಮೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ ಆಯಿತು. ಗೈಡ್ "ಫ್ಲಾಸ್ಕ್ ರಿಸಲ್ಟ್ ಬರೆದು ಮುಗಿಸಿಬಿಡು" ಅಂದರು. ನನಗೆ ಹಾಗೆ ಮುಗಿಸೋಕೆ ಮನಸ್ಸಾಗುತ್ತಿಲ್ಲ. ಯಾಕೆ ಹೀಗಾಯಿತು ಅಂತ ಗೊತ್ತಾಗಬೇಕು.

ಈ ಕ್ಷೇತ್ರದಲ್ಲಿ ಇರುವವರು, ಬಿಟ್ಟುಹೋದವರು, ಪಿಎಚ್‌ಡಿ ಮಾಡುತ್ತಿರುವವರು ಎಲ್ಲರೂ ಬರೆಯಿರಿ. ಸಂಬಳದ ವಿಷಯವನ್ನೂ ಮುಚ್ಚಿಡದೆ ಹೇಳಿ.

ಕೋಡ್_ಮಾರತಹಳ್ಳಿ

ನಾನು ಬಿಟ್ಟುಹೋದವನು. ಕೆಮಿಕಲ್ ಓದಿ ಒಂದು ಬಣ್ಣದ ಕಾರ್ಖಾನೆಯಲ್ಲಿ ಎರಡು ವರ್ಷ ಇದ್ದೆ. ಕೈಗೆ 19 ಸಾವಿರ ಬರ್ತಿತ್ತು. ಮನೆಯಲ್ಲಿ ಅಮ್ಮನಿಗೆ ಡಯಾಲಿಸಿಸ್ ಶುರುವಾಯಿತು, ಕೆಲಸ ಬದಲಿಸಿದೆ. ಆ ಸಂಬಳದಲ್ಲಿ ಅಮ್ಮನನ್ನು ನೋಡಿಕೊಳ್ಳೋಕೆ ಆಗುತ್ತಿರಲಿಲ್ಲ.

ಹಾಗಾಗಿ ದುಡ್ಡಿನ ಮಾತು ಸಣ್ಣದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾಲದ ಕಂತು ಎಷ್ಟು, ಎಷ್ಟು ವರ್ಷ, ಅಪ್ಪನ ನಿವೃತ್ತಿ ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಯೋಚನೆ ಮಾಡಿ.

ಇನ್ನೊಂದು ಮಾತು. ಸಾಫ್ಟ್‌ವೇರ್‌ಗೆ ಬಂದು ಮೂರು ನಾಲ್ಕು ವರ್ಷ ಕಳೆದರೆ ಪ್ಲಾಂಟ್‌ಗೆ ವಾಪಸ್ ಹೋಗೋದು ಬಹಳ ಕಷ್ಟ. ನಾನು ಎರಡು ಸಲ ಪ್ರಯತ್ನಪಟ್ಟೆ. "ಅನುಭವ ಎಲ್ಲಿದೆ?" ಅಂದರು. ಪ್ಲಾಂಟ್‌ನಿಂದ ಸಾಫ್ಟ್‌ವೇರ್‌ಗೆ ಮಾತ್ರ ಯಾವಾಗ ಬೇಕಾದರೂ ಬರಬಹುದು. ಇದು ನಿಮಗೆ ಮೊದಲೇ ಗೊತ್ತಿರಲಿ.

ಬೊಮ್ಮಸಂದ್ರ_ರಾತ್ರಿಪಾಳಿ

ತಂಗಿ, ಮೊದಲು ನಿನ್ನ ಟ್ರೇ ವಿಷಯಕ್ಕೆ ಬರ್ತೀನಿ.

ಮದುವೆ ಮನೆಯ ಅಡುಗೆ ನೋಡಿದ್ದೀಯಾ? ಭಟ್ಟರು ಕೊಪ್ಪರಿಗೆಯಲ್ಲಿ ಅನ್ನ ಬಸಿದ ತಕ್ಷಣ ಚಾಪೆಯ ಮೇಲೆ ಬಟ್ಟೆ ಹಾಸಿ ಹರಡಿಬಿಡ್ತಾರೆ. ಯಾಕೆ? ಕೊಪ್ಪರಿಗೆಯಲ್ಲೇ ಬಿಟ್ಟರೆ ಮಧ್ಯದ ಬಿಸಿ ಹೊರಗೆ ಹೋಗಲ್ಲ, ಅನ್ನ ಮುದ್ದೆಯಾಗುತ್ತೆ. ಮನೆಯಲ್ಲಿ ಪಾವು ಅಕ್ಕಿ ಮಾಡುವಾಗ ಈ ತೊಂದರೆಯೇ ಇಲ್ಲ. ಪಾತ್ರೆಯ ಉದ್ದ, ಅಗಲ, ಎತ್ತರ ಎಲ್ಲಾ ಹತ್ತು ಪಟ್ಟು ಮಾಡಿದರೆ ಒಳಗಿನ ಸರಕು 1000 ಪಟ್ಟು ಆಗುತ್ತೆ, ಬಿಸಿ ಹೊರಗೆ ಹೋಗುವ ಮೈ 100 ಪಟ್ಟು ಮಾತ್ರ. ಅಂದರೆ ಒಂದೊಂದು ಲೀಟರ್‌ಗೆ ಸಿಗುವ ಮೈ ಹತ್ತನೇ ಒಂದು ಭಾಗ. ನಿನ್ನ ಶಿಲೀಂಧ್ರವೂ ಉಸಿರಾಡುತ್ತೆ, ಬಿಸಿ ಮಾಡುತ್ತೆ. ಬೂಸಾ ಒಳ್ಳೆ ಕಂಬಳಿ ಇದ್ದ ಹಾಗೆ, ಆ ಬಿಸಿಯನ್ನು ಬಿಡಲ್ಲ. ಟ್ರೇ ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿ ನೋಡು. ಅಂಚಲ್ಲಿ ಒಂದು, ಮಧ್ಯದಲ್ಲಿ ಒಂದು. ಆರು ಗಂಟೆಗೊಮ್ಮೆ ಬರೆದಿಡು.

ಇಷ್ಟೇ ನಮ್ಮ ಕೆಲಸ. ಚಿಕ್ಕ ಪಾತ್ರೆಯಲ್ಲಿ ಆದದ್ದು ದೊಡ್ಡದರಲ್ಲಿ ಯಾಕೆ ಆಗಲ್ಲ ಅಂತ ಹುಡುಕೋದು. 14 ವರ್ಷದಿಂದ ಅದನ್ನೇ ಮಾಡ್ತಾ ಇದ್ದೀನಿ, ಇನ್ನೂ ಬೇಜಾರಾಗಿಲ್ಲ.

ನಮ್ಮಲ್ಲಿ ಬೆಳೆಸೋದು ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳನ್ನು. ಸಿಎಚ್‌ಒ ಅಂತೀವಿ. ಕ್ಯಾನ್ಸರ್‌ಗೆ, ಸಂಧಿವಾತಕ್ಕೆ ಕೊಡುವ ಆ್ಯಂಟಿಬಾಡಿ ಔಷಧಿಗಳು ಹೆಚ್ಚಾಗಿ ಇವುಗಳಿಂದಲೇ ಬರೋದು. ಒಂದು ಕೋಶ ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಒಂದು ಬ್ಯಾಚ್ ಎರಡು ವಾರ ಓಡುತ್ತೆ. ನೀರಿನಲ್ಲಿ ಆಮ್ಲಜನಕ ಕರಗೋದು ಲೀಟರ್‌ಗೆ ಏಳೆಂಟು ಮಿಲಿಗ್ರಾಂ ಅಷ್ಟೇ. ಅದನ್ನು ಕೋಶಗಳು ನೋಡನೋಡುತ್ತಲೇ ಖಾಲಿ ಮಾಡ್ತವೆ, ನಾವು ತುಂಬುತ್ತಲೇ ಇರಬೇಕು. ಜೋರಾಗಿ ಗಾಳಿ ಬಿಟ್ಟರೆ ಗುಳ್ಳೆ ಒಡೆದು ಕೋಶ ಸಾಯುತ್ತೆ. ನಿಧಾನ ಮಾಡಿದರೆ ಉಸಿರುಕಟ್ಟುತ್ತೆ.

ಒಂದು ರಾತ್ರಿಯ ಕಥೆ ಹೇಳ್ತೀನಿ. ಹನ್ನೊಂದನೇ ದಿನ, ಬೆಳಗಿನ ಜಾವ ಮೂರೂಕಾಲು. ಪರದೆಯ ಮೇಲೆ ಆಮ್ಲಜನಕದ ಗೆರೆ ಮೆಲ್ಲಗೆ ಕೆಳಗೆ ಇಳಿಯೋಕೆ ಶುರುವಾಯಿತು. ಪಿಎಚ್ ಕೂಡ ಇಳಿಯಿತು, ಅಂದರೆ ದ್ರವ ಹುಳಿಯಾಗ್ತಾ ಇತ್ತು. ಸೆನ್ಸರ್ ಹಾಳಾಗಿರಬೇಕು ಅಂದುಕೊಂಡೆ. ಸ್ಯಾಂಪಲ್ ತೆಗೆದು ಬಾಟಲಿಯನ್ನು ದೀಪಕ್ಕೆ ಹಿಡಿದರೆ ಅದರಲ್ಲಿ ಹಾಲಿನ ನೀರಿನಂಥ ಮಬ್ಬು. ಮೈಕ್ರೋಸ್ಕೋಪ್ ಕೆಳಗೆ ದುಂಡನೆಯ ದೊಡ್ಡ ಕೋಶಗಳ ಮಧ್ಯೆ ಸಣ್ಣ ಕಡ್ಡಿಗಳು ಓಡಾಡ್ತಾ ಇದ್ದವು. ಬ್ಯಾಕ್ಟೀರಿಯಾ. ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತೆ, ನಮ್ಮ ಕೋಶಕ್ಕೆ ಒಂದು ದಿನ ಬೇಕು. ಯಾರು ಗೆಲ್ತಾರೆ ಅಂತ ಹೇಳಬೇಕಾ? ಪೂರ್ತಿ ಬ್ಯಾಚ್ ಬಿಸಿ ಮಾಡಿ ಕೊಂದು ಚೆಲ್ಲಿದೆವು. ಕಾರಣ ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಸ್ಯಾಂಪಲ್ ವಾಲ್ವ್‌ನ ರಬ್ಬರ್ ರಿಂಗ್‌ನಲ್ಲಿ ಕೂದಲೆಳೆಯಷ್ಟು ಸೀಳು. ಉಗಿ ಬಿಟ್ಟು ಸ್ಟೆರಿಲೈಸ್ ಮಾಡುವಾಗ 121 ಡಿಗ್ರಿ ಆ ಸೀಳಿನೊಳಗೆ ಮುಟ್ಟಿಯೇ ಇರಲಿಲ್ಲ.

ಆ ರಿಂಗ್ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ಹೊಸಬರು ಸೇರಿದಾಗ ಕೈಗೆ ಕೊಟ್ಟು, ಉಗುರಿನಿಂದ ಸೀಳು ಹುಡುಕಿ ಅಂತೀನಿ.

ಸಂಬಳ: ಸೇರಿದಾಗ ವರ್ಷಕ್ಕೆ 2.4 ಲಕ್ಷ. ಐದು ವರ್ಷ ಬಹಳ ಬಿಗಿ. ಏಳನೇ ವರ್ಷದ ಮೇಲೆ ಚೆನ್ನಾಗಿ ಏರಿತು. ಈಗ ನನ್ನ ವಯಸ್ಸಿನ ಸಾಫ್ಟ್‌ವೇರ್ ಗೆಳತಿಯರಿಗಿಂತ ಸ್ವಲ್ಪ ಕಡಿಮೆ, ತೀರಾ ಕಡಿಮೆಯಲ್ಲ.

ಮಲ್ಲೇಶ್ವರ_8ನೇಸೆಮ್

ಅಕ್ಕ, ಅನ್ನ ಹರಡುವ ಮಾತು ಓದಿ ಮೈ ಜುಮ್ಮೆಂತು. ನಾಳೆಯೇ ಥರ್ಮಾಮೀಟರ್ ಇಡ್ತೀನಿ. ಟ್ರೇಯಲ್ಲಿ ಬೂಸಾ ನಾಲ್ಕು ಇಂಚು ದಪ್ಪ ಹಾಕಿದ್ದೆ.

ಬೊಮ್ಮಸಂದ್ರ_ರಾತ್ರಿಪಾಳಿ

ನಾಲ್ಕು ಇಂಚು ಜಾಸ್ತಿಯಾಯ್ತು ಕಣಮ್ಮ. ಒಂದೂವರೆ ಇಂಚಿಗೆ ಇಳಿಸಿ ನೋಡು.

ಪೀಣ್ಯ_2ನೇಹಂತ

ನಮಸ್ಕಾರ. ಕೆಮಿಕಲ್ ಅಂದರೆ ದೊಡ್ಡ ಕಂಪನಿ, ಬಿಳಿ ಕೋಟು ಅಂತ ಎಲ್ಲರೂ ಅಂದುಕೊಂಡಿರ್ತಾರೆ. ನಾನು ಪೀಣ್ಯದಲ್ಲಿ ಕೊಳಕು ನೀರಿನ ಕೆಲಸ ಮಾಡ್ತೀನಿ. ಈ ಊರಿಗೆ ಸಾಫ್ಟ್‌ವೇರ್‌ನಷ್ಟೇ ಈ ಕೆಲಸವೂ ಬೇಕು.

ಪೀಣ್ಯದಲ್ಲಿ ಲೋಹಕ್ಕೆ ಲೇಪನ ಹಾಕುವ ಸಣ್ಣ ಘಟಕಗಳು ತುಂಬಾ ಇವೆ. ಕ್ರೋಮ್ ಲೇಪನದ ತೊಳೆದ ನೀರು ಅಚ್ಚ ಹಳದಿ ಬಣ್ಣದಲ್ಲಿ ಬರುತ್ತೆ. ಅದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಸುಣ್ಣ ಹಾಕಿದರೂ ಅದು ತಳಕ್ಕೆ ಇಳಿಯಲ್ಲ. ಮೊದಲು ಆಸಿಡ್ ಹಾಕಿ ಪಿಎಚ್ ಅನ್ನು ಎರಡೂವರೆಯ ಆಸುಪಾಸಿಗೆ ತರಬೇಕು. ಆಮೇಲೆ ಕ್ರೋಮಿಯಂನ ರೂಪ ಬದಲಿಸುವ ಸೋಡಿಯಂ ಮೆಟಾಬೈಸಲ್ಫೈಟ್. ಕಡ್ಡಿಯಲ್ಲಿ ಕಲಕುತ್ತಾ ನಿಂತರೆ ಹಳದಿ ನೀರು ಕಣ್ಣೆದುರಿಗೇ ಹಸಿರಾಗುತ್ತೆ. ಅಷ್ಟಾದರೆ ಅದು ಟ್ರೈವೇಲೆಂಟ್, ಅಷ್ಟು ವಿಷವಲ್ಲದ ಕ್ರೋಮಿಯಂ. ಈಗ ಸುಣ್ಣ ಹಾಕಿ ಪಿಎಚ್ ಎಂಟೂವರೆಗೆ ಏರಿಸಿದರೆ ಕೆಸರಾಗಿ ತಳಕ್ಕೆ ಕೂರುತ್ತೆ. ಹನ್ನೊಂದು ವರ್ಷದಿಂದ ನೋಡ್ತಾ ಇದ್ದೀನಿ. ಆ ಹಸಿರು ಬಂದಾಗ ಈಗಲೂ ಮನಸ್ಸು ತಂಪಾಗುತ್ತೆ.

ಬೇಜಾರಿನ ವಿಷಯವನ್ನೂ ಹೇಳ್ತೀನಿ. ನನ್ನ ಹಳೇ ಮಾಲೀಕರೊಬ್ಬರು ಮೆಟಾಬೈಸಲ್ಫೈಟ್ ಖರ್ಚು ಉಳಿಸೋಕೆ ರಾತ್ರಿ ಹೊತ್ತು ನೀರನ್ನು ಹಾಗೇ ಬಿಡಿ ಅಂದರು. ನಾನು ಆಗಲ್ಲ ಅಂದೆ, ಕೆಲಸ ಹೋಯಿತು. ಐದು ತಿಂಗಳು ಮನೆಯಲ್ಲಿದ್ದೆ. ಈ ಕೆಲಸದಲ್ಲಿ ಇಂಥ ದಿನ ಬರಬಹುದು. ಆಗ ಏನು ಮಾಡ್ತೀನಿ ಅಂತ ಈಗಲೇ ನಿರ್ಧಾರ ಮಾಡಿಕೊಂಡಿರು ತಂಗಿ.

ಬೆಳ್ಳಂದೂರು ಕೆರೆಯ ನೊರೆ ಎಲ್ಲರೂ ನೋಡಿದ್ದೀರಿ. ಅದು ಹೆಚ್ಚಾಗಿ ನಮ್ಮ ನಿಮ್ಮ ಬಟ್ಟೆ ತೊಳೆದ ಸಾಬೂನು. ಶುದ್ಧವಾಗದೆ ಬಂದ ಚರಂಡಿ ನೀರಿನ ಡಿಟರ್ಜೆಂಟ್ ಕೆರೆಯಲ್ಲಿ, ಕೆಸರಿನಲ್ಲಿ ಕೂಡಿಕೊಳ್ಳುತ್ತೆ. ಮಳೆ ಬಂದು ಕಲಕಿ, ಕೋಡಿಯಲ್ಲಿ ನೀರು ಧುಮುಕಿದಾಗ ನೊರೆ ಏಳುತ್ತೆ. ಇನ್ನೊಂದು ಕಡೆ ಆ ಕೆರೆ ಇರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಾ ಇದ್ದಾರೆ. ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ಬ್ಯಾಕ್ಟೀರಿಯಾಗೆ ಕೊಳೆ ತಿನ್ನಿಸುವ ಎರಡನೇ ಹಂತದ ಶುದ್ಧೀಕರಣ ಸಾಕಾ, ಉಳಿದದ್ದನ್ನೂ ತೆಗೆಯುವ ಮೂರನೆಯದೂ ಬೇಕಾ ಅಂತ ಅಲ್ಲಿಯ ರೈತರು ಕೇಳ್ತಾ ಇದ್ದಾರೆ. ಅವರಿಗೆ ಲೆಕ್ಕ ಹಾಕಿ ಉತ್ತರ ಕೊಡಬೇಕಾದವರು ನಾವೇ ಅಲ್ವಾ?

ದೊಡ್ಡ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲೂ ಕೆಲಸ ಇದೆ. ಎಷ್ಟೋ ಕಡೆ ಗೊತ್ತಿಲ್ಲದವರ ಕೈಯಲ್ಲಿ ನಡೀತಾ ಇದೆ. ಕರೆಂಟ್ ಬಿಲ್ ಜಾಸ್ತಿ ಅಂತ ರಾತ್ರಿ ಗಾಳಿ ಊದುವ ಬ್ಲೋವರ್ ಆಫ್ ಮಾಡ್ತಾರೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತೆ, ಬೆಳಗ್ಗೆ ಇಡೀ ಬೇಸ್‌ಮೆಂಟ್ ನಾರುತ್ತೆ. ಒಂದು ಲೀಟರ್ ಜಾಡಿಯಲ್ಲಿ ಆ ನೀರು ತುಂಬಿ ಅರ್ಧ ಗಂಟೆ ಬಿಟ್ಟು, ಕೆಸರು ಎಷ್ಟು ಇಳಿಯಿತು ಅಂತ ನೋಡಿದರೆ ಅರ್ಧ ರೋಗ ಗೊತ್ತಾಗಿಬಿಡುತ್ತೆ.

ಶನಿವಾರ ಬಿಡುವಿದ್ದರೆ ಬಾ, ನಮ್ಮ ಪ್ಲಾಂಟ್ ತೋರಿಸ್ತೀನಿ. ಅಪ್ಪನನ್ನೂ ಕರೆದುಕೊಂಡು ಬಾ. ಪ್ಲಾಂಟ್ ನೋಡದೆ ಈ ತೀರ್ಮಾನ ಮಾಡಬೇಡ.

ಲ್ಯಾಬ್_ನಾಲ್ಕನೇವರ್ಷ

ಪಿಎಚ್‌ಡಿ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೀತೀನಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಹಾಸನದ ಕಡೆಯವನು. ಈಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾಲ್ಕನೇ ವರ್ಷ.

ದಾರಿ ಹೀಗಿದೆ. ಮುಂದಿನ ಓದಿಗೆ ಗೇಟ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಕೆಮಿಕಲ್‌ಗೂ ಬಯೋಟೆಕ್ನಾಲಜಿಗೂ ಬೇರೆ ಬೇರೆ ಪೇಪರ್. ಅಂಕ ಮೂರು ವರ್ಷ ನಡೆಯುತ್ತೆ. ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಬಿಇ ಮುಗಿಸಿದವರು ಎಂಟೆಕ್ ಇಲ್ಲದೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಎಂಟೆಕ್ ಮಾಡಿದರೆ ತಿಂಗಳಿಗೆ 12,400 ರೂಪಾಯಿ. ಪಿಎಚ್‌ಡಿಗೆ 2023ರಿಂದ ಮೊದಲ ಎರಡು ವರ್ಷ 37,000, ಆಮೇಲೆ 42,000. ಹಾಸ್ಟೆಲ್ ಸಿಕ್ಕರೆ ಮನೆಗೂ ಸ್ವಲ್ಪ ಕಳಿಸಬಹುದು. ನಾನು ಕಳಿಸ್ತಾ ಇದ್ದೀನಿ.

ಐದಾರು ವರ್ಷ ಹಿಡಿಯುತ್ತೆ. ಅದು ನಿಜವಾದ ಖರ್ಚು. ಜೊತೆಯವರೆಲ್ಲ ಮನೆ, ಮದುವೆ, ಕಾರು ಅಂತ ಮುಂದೆ ಹೋಗ್ತಾರೆ, ನೀವು ಅದೇ ಬೆಂಚಿನ ಮುಂದೆ ನಿಂತಿರ್ತೀರಿ. ನನ್ನ ಎರಡನೇ ವರ್ಷ ಪೂರ್ತಿ ಒಂದು ಪ್ರೋಟೀನ್ ಕರಗದೆ ಗಡ್ಡೆಯಾಗ್ತಾ ಇತ್ತು. ಪ್ರತಿದಿನ ಟ್ಯೂಬ್‌ನ ತಳದಲ್ಲಿ ಅದೇ ಬಿಳಿ ಚುಕ್ಕೆ. ಹದಿನೈದು ತಿಂಗಳು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಬೆಂಚಿನ ಸೀನಿಯರ್ ಅಣ್ಣ. ಗೈಡ್ ಹೇಗಿದ್ದಾರೆ ಅಂತ ಅವರ ಹಳೇ ವಿದ್ಯಾರ್ಥಿಗಳನ್ನು ಕೇಳದೆ ಸೇರಬೇಡಿ. ವಿಷಯಕ್ಕಿಂತ ಅದು ಮುಖ್ಯ.

ಕೆಮಿಕಲ್ ಓದಿದವರಿಗೆ ಜೀವಶಾಸ್ತ್ರ ಬರಲ್ಲ ಅನ್ನೋ ಭಯ ಬೇಡ. ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಅರ್ನಾಲ್ಡ್ ಅವರ ಪಿಎಚ್‌ಡಿ ಕೆಮಿಕಲ್ ಇಂಜಿನಿಯರಿಂಗ್‌ನಲ್ಲೇ. ಎಂಜೈಮ್‌ನಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ, ಒಳ್ಳೆಯದನ್ನು ಆರಿಸಿ, ಮತ್ತೆ ಬದಲಾಯಿಸಿ ಹೀಗೆ ತಳಿ ಸುಧಾರಿಸಿದ ಹಾಗೆ ಸುಧಾರಿಸುತ್ತಾ ಹೋದರು. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ರೈತರು ರಾಗಿ ಬೀಜ ಆರಿಸುವ ರೀತಿಗೂ ಇದಕ್ಕೂ ಬಹಳ ದೂರ ಇಲ್ಲ.

ಕೋಡ್_ಮಾರತಹಳ್ಳಿ ಅಣ್ಣ, ನೀವು ಕಲಿತದ್ದೂ ವ್ಯರ್ಥವಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿಲ್ಲದೆ ಈಗ ನಮ್ಮ ಲ್ಯಾಬ್‌ನಲ್ಲಿ ಯಾವ ಕೆಲಸವೂ ನಡೆಯಲ್ಲ.

ಯಶವಂತಪುರ_ನಿವೃತ್ತ

ಮಕ್ಕಳೇ, ನನಗೆ 71 ವರ್ಷ. ಸುಗಂಧ ತೈಲ ತೆಗೆಯುವ ಕೆಲಸದಲ್ಲಿ 34 ವರ್ಷ ಇದ್ದೆ. ಒಂದು ಹಳೇ ಮಾತು ಸೇರಿಸುತ್ತೇನೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ತುಂಡುಗಳು ಇಲ್ಲೇ ರಾಶಿ ಬಿದ್ದವು. ಆಗ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಇಲ್ಲಿಯೇ ಎಣ್ಣೆ ಇಳಿಸುವ ಪ್ರಯೋಗ ಮಾಡಿದರು. ಅದರಿಂದ ಗಂಧದೆಣ್ಣೆ ಕಾರ್ಖಾನೆ ಬಂತು, ಸಾಬೂನು ಬಂತು. ವಿಶ್ವೇಶ್ವರಯ್ಯನವರು ಆಗ ದಿವಾನರು. ಬೆಂಗಳೂರಿಗೆ ಕೆಮಿಕಲ್ ಇಂಜಿನಿಯರಿಂಗ್ ಬಂದಿದ್ದು ಹೀಗೆ, ಮರದ ಪುಡಿಗೆ ಉಗಿ ಹಾಯಿಸುತ್ತಾ.

ಗಂಧದೆಣ್ಣೆ ಬೇಗ ಬಿಡುವುದಿಲ್ಲ. ದಿನಗಟ್ಟಲೆ ಉಗಿ ಹಾಯಿಸಬೇಕು. ಉಗಿ ಜೋರಾದರೆ ಎಣ್ಣೆ ಸುಟ್ಟ ವಾಸನೆ ಬರುತ್ತದೆ, ಕಡಿಮೆಯಾದರೆ ಒಳ್ಳೆ ಭಾಗ ಮರದಲ್ಲೇ ಉಳಿಯುತ್ತದೆ. ನಾನು ಕೆಲಸ ಕಲಿತದ್ದು ಮೇಸ್ತ್ರಿಯೊಬ್ಬರ ಹತ್ತಿರ. ಅವರು ಉಗಿಯನ್ನು ತಣಿಸುವ ಕಂಡೆನ್ಸರ್‌ನಿಂದ ಬೀಳುವ ಹನಿಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ "ಇನ್ನು ಆರು ಗಂಟೆ" ಎನ್ನುತ್ತಿದ್ದರು. ಎಣ್ಣೆಯ ಅಂಶಗಳನ್ನು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬಂದ ಮೇಲೆ ಪರೀಕ್ಷಿಸಿದೆವು. ಅವರ ಮಾತು ಬಹುತೇಕ ಸರಿಯಾಗಿರುತ್ತಿತ್ತು. ಪ್ಲಾಂಟ್‌ಗೆ ಹೋದರೆ ಮೊದಲು ಆಪರೇಟರ್‌ಗಳ ಜೊತೆ ಕೂತು ಚಹಾ ಕುಡಿಯಮ್ಮ. ಅವರಿಗೆ ಗೊತ್ತಿರುವುದು ಯಾವ ಮ್ಯಾನುಯಲ್‌ನಲ್ಲೂ ಇರುವುದಿಲ್ಲ.

ತುಮಕೂರು_ಅಮ್ಮ

ನನ್ನ ಮಗಳೂ ಬಯೋಟೆಕ್ನಾಲಜಿ ಓದ್ತಾ ಇದ್ದಾಳೆ. ರಾತ್ರಿ ಪಾಳಿ ಅಂದರೆ ಹೆಣ್ಣುಮಕ್ಕಳಿಗೆ ಹೇಗಿರುತ್ತೆ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಬೊಮ್ಮಸಂದ್ರ_ರಾತ್ರಿಪಾಳಿ

ಅಮ್ಮ, ರಾಜ್ಯದಲ್ಲಿ 2019ರಿಂದ ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಕೆಲಸ ಮಾಡಬಹುದು, ಷರತ್ತುಗಳಿವೆ. ಅವರ ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕು. ಮನೆಯಿಂದ ಕರೆದುಕೊಂಡು ಹೋಗಿ ಬಿಡುವ ವಾಹನ ಕಂಪನಿಯೇ ಕೊಡಬೇಕು. ಸೇರುವ ಮೊದಲು ಇದನ್ನು ಕೇಳಿ. ರಾತ್ರಿ ಪಾಳಿಯಲ್ಲಿ ಎಷ್ಟು ಹೆಂಗಸರಿದ್ದಾರೆ ಅಂತಲೂ ಕೇಳಿ. ಒಬ್ಬಳೇ ಅಂದರೆ ಬೇಡ.

ನನ್ನನ್ನು ಒಂದು ಕಡೆ ಸಂದರ್ಶನದಲ್ಲಿ "ಮದುವೆ ಯಾವಾಗ?" ಅಂತ ಕೇಳಿದರು, ಕೆಲಸ ಕೊಡಲಿಲ್ಲ. ಇನ್ನೊಂದು ಕಡೆ ಕೊಟ್ಟರು. ಆಗೆಲ್ಲ ನಾನು ಮಾರ್ಗರೆಟ್ ಹಚಿನ್‌ಸನ್ ರೂಸೋ ಅವರನ್ನು ನೆನೆಸಿಕೊಳ್ತಿದ್ದೆ. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಡಾಕ್ಟರೇಟ್ ಪಡೆದ ಹೆಂಗಸು. ಯುದ್ಧದ ಕಾಲದಲ್ಲಿ ಪೆನಿಸಿಲಿನ್ ಅನ್ನು ದೊಡ್ಡ ಟ್ಯಾಂಕ್‌ಗಳಲ್ಲಿ ಬೆಳೆಸುವ ಮೊದಲ ಕಾರ್ಖಾನೆಯ ವಿನ್ಯಾಸ ಅವರದ್ದು. ಅಲ್ಲಿವರೆಗೆ ಪೆನಿಸಿಲಿನ್ ಅನ್ನು ಬಾಟಲಿಗಳಲ್ಲಿ ಬೆಳೆಸ್ತಾ ಇದ್ದರು. ಇಲ್ಲೇ ನೋಡಿದರೆ, ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜ್‌ನಲ್ಲಿ ಪಪಾಯಿಯಿಂದ ಪಪೇನ್ ಎಂಜೈಮ್ ತೆಗೆಯುತ್ತಾ ಬಯೋಕಾನ್ ಶುರು ಮಾಡಿದರು.

ಮಲ್ಲೇಶ್ವರ_8ನೇಸೆಮ್

ಹನ್ನೆರಡು ದಿನ ಆದ ಮೇಲೆ ಬರೀತಾ ಇದ್ದೀನಿ.

ಮೊದಲು ಟ್ರೇ. ನಾಲ್ಕು ಇಂಚು ದಪ್ಪದ ಬೂಸಾದಲ್ಲಿ 30ನೇ ಗಂಟೆಗೆ ಅಂಚಿನಲ್ಲಿ 32 ಡಿಗ್ರಿ, ಮಧ್ಯದಲ್ಲಿ 47! ಕೈ ಹಾಕಿದರೆ ತಿಪ್ಪೆಯೊಳಗಿನ ಹಾಗೆ ಬೆಚ್ಚಗಿತ್ತು. ಮಧ್ಯದ ಬೂಸಾ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಹುಳಿ ವಾಸನೆ. ಅಂಚಿನಲ್ಲಿ ಮಾತ್ರ ಕಪ್ಪು ಬೀಜಕ ಚೆನ್ನಾಗಿ ಬಂದಿತ್ತು. ಒಂದೂವರೆ ಇಂಚಿಗೆ ಇಳಿಸಿ, ತೇವದ ಗಾಳಿ ಹಾಯಿಸಿದೆ. ಮಧ್ಯ 36 ದಾಟಲಿಲ್ಲ. ಎಂಜೈಮ್ ಫ್ಲಾಸ್ಕ್‌ನಷ್ಟು ಬರಲಿಲ್ಲ, ಆದರೆ ಅದರ ಮುಕ್ಕಾಲು ಭಾಗ ಬಂತು. ಗೈಡ್ ಆ ಉಷ್ಣತೆಯ ಗ್ರಾಫ್ ನೋಡಿ "ಇದನ್ನೇ ಮೊದಲ ಅಧ್ಯಾಯ ಮಾಡು" ಅಂದರು.

ಶನಿವಾರ ಅಪ್ಪನ ಜೊತೆ ಪೀಣ್ಯಕ್ಕೆ ಹೋಗಿದ್ದೆ. ಅಣ್ಣ ನನ್ನ ಕೈಗೇ ಕಡ್ಡಿ ಕೊಟ್ಟರು. ಹಳದಿ ನೀರು ಹಸಿರಾಗೋದನ್ನು ನಾನೇ ಕಲಕಿ ನೋಡಿದೆ. ಅಪ್ಪ ಅದನ್ನು ನೋಡಿದ್ದು ಒಂದು ನಿಮಿಷ. ಆಮೇಲೆ ಒಂದು ಗಂಟೆ ಪಂಪ್ ಹತ್ತಿರ ಕೂತಿದ್ದರು. ಆ ಪಂಪ್‌ನ ಶಬ್ದ ಕೇಳಿ ಬೇರಿಂಗ್ ಹೋಗಿದೆ ಅಂದರು. ಆಪರೇಟರ್ ಬಿಚ್ಚಿ ನೋಡಿದರೆ ಹೌದು. ವಾಪಸ್ ಬರುವಾಗ ಮೆಟ್ರೋದಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ಮಂತ್ರಿ ಸ್ಕ್ವೇರ್ ಸ್ಟೇಷನ್‌ನಲ್ಲಿ ಇಳಿದ ಮೇಲೆ "ನಿಮ್ಮದೂ ನಮ್ಮ ಥರದ್ದೇ ಕೆಲಸ ಅಂತ ಗೊತ್ತಿರಲಿಲ್ಲ" ಅಂದರು.

ಕೋಡ್_ಮಾರತಹಳ್ಳಿ ಅಣ್ಣ ಹೇಳಿದ ಹಾಗೆ ಹಾಳೆಯಲ್ಲಿ ಬರೆದೆವು. ಕಂತು ತಿಂಗಳಿಗೆ 8,200. ಅಪ್ಪನಿಗೆ ಇನ್ನೂ ಆರು ವರ್ಷ ಸರ್ವಿಸ್ ಇದೆ. ಎರಡು ವರ್ಷ ಅರ್ಧ ಕಂತು ಅವರು ಕಟ್ಟುತ್ತಾರೆ, ಅರ್ಧ ನಾನು. ಬೊಮ್ಮಸಂದ್ರದವರಿಗೆ ಫೋನ್ ಮಾಡಿ ರಾತ್ರಿ ವಾಹನದ ಬಗ್ಗೆ ಕೇಳಿದೆ. ಇದೆ, ಮನೆ ಬಾಗಿಲವರೆಗೆ. ನನ್ನ ಪಾಳಿಯಲ್ಲಿ ಇನ್ನೂ ನಾಲ್ಕು ಜನ ಹುಡುಗಿಯರಿದ್ದಾರೆ. ಜುಲೈ ಮೊದಲ ವಾರ ಸೇರ್ತಾ ಇದ್ದೀನಿ. ಗೇಟ್ ಕೂಡ ಬರೀತೀನಿ, ಅಂಕ ಮೂರು ವರ್ಷ ಇರುತ್ತಲ್ಲ.

ಕೋಡ್_ಮಾರತಹಳ್ಳಿ

ತುಂಬಾ ಸಂತೋಷ. ಉಷ್ಣತೆಯ ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡೋದಿದ್ದರೆ ಹೇಳು, ಭಾನುವಾರ ಕೂತು ಮಾಡೋಣ. ಬೂಸಾ ದಪ್ಪ, ಗಾಳಿ, ಬಿಸಿ ಮೂರನ್ನೂ ಹಾಕಿದರೆ ಎಷ್ಟು ದಪ್ಪದವರೆಗೆ ಹೋಗಬಹುದು ಅಂತ ಬರುತ್ತೆ. ಎಂಟು ವರ್ಷದಿಂದ ಶಾಖ ವರ್ಗಾವಣೆಯ ಸಮೀಕರಣ ಬರೆದಿಲ್ಲ. ಬರೀಬೇಕು ಅನ್ನಿಸ್ತಾ ಇದೆ.

ಬೊಮ್ಮಸಂದ್ರ_ರಾತ್ರಿಪಾಳಿ

ಮೊದಲ ವಾರ ಕ್ಲೀನ್‌ರೂಮ್ ಬಟ್ಟೆ ಹಾಕಿಕೊಳ್ಳೋದನ್ನೇ ಕಲಿಸ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಉಗುರು ಕತ್ತರಿಸಿಕೊಂಡು ಬಾ, ಬಳೆ, ಉಂಗುರ, ಕಾಜಲ್ ಬೇಡ. ರಾತ್ರಿ ಪಾಳಿಗೆ ಬುತ್ತಿ ಮನೆಯಿಂದಲೇ ತಾ. ಎರಡು ಗಂಟೆಗೆ ಹಸಿವಾಗುತ್ತೆ.